ಗಡಿ ಊರುಗಳ ತುರಿಕೆ, ಮೆಡಿಕಲ್ಲಿನ ಟ್ಯೂಬು

ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಹಳ್ಳಿಗಳಲ್ಲಿ ಜ್ವರ ಬಂದವರು ಡಾಕ್ಟರ ಹತ್ತಿರ ಹೋಗುತ್ತಾರೆ, ತುರಿಕೆ ಬಂದವರು ಮೆಡಿಕಲ್ಲಿಗೆ ಹೋಗುತ್ತಾರೆ. “ಅಣ್ಣಾ, ತುರಿಕಿಗೊಂದು ಟ್ಯೂಬ್ ಕೊಡ್ರಿ” ಎಂದರೆ ಸಾಕು, ಟ್ಯೂಬ್ ಕೈಗೆ ಬರುತ್ತದೆ. ಎಲ್ಲಿ ತುರಿಕೆ, ಎಷ್ಟು ದಿನದಿಂದ, ಮನೆಯಲ್ಲಿ ಬೇರೆ ಯಾರಿಗಿದೆ ಎಂದು ಕೇಳುವ ರೂಢಿ ಅಲ್ಲಿಲ್ಲ. ಕೊಳ್ಳುವವರನ್ನು ದೂರುವುದು ಸುಲಭ. ಆದರೆ ತುರಿಕೆಯಿಂದ ಯಾರೂ ಸಾಯುವುದಿಲ್ಲ, ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಪಾಳಿ ಹಚ್ಚುವುದು ಕೂಲಿಕಾರರಿಗೆ ಆಗದ ಮಾತು. ಮೇಲಾಗಿ ಆ ಟ್ಯೂಬು ಎರಡೇ ದಿನದಲ್ಲಿ ತುರಿಕೆಯನ್ನು ಅಡಗಿಸಿಬಿಡುತ್ತದೆ. ಅಡಗಿಸುವುದೇ ಅದರ ಮೋಸ.

ಈ ಸೀಮೆಯ ಪರಿಚಯವಿಲ್ಲದ ಓದುಗರಿಗೆ ಒಂದು ಮಾತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಆಮೇಲೆ ಉಸ್ಮಾನಾಬಾದ್ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರ ಪಾಲಾದವು. ಉಮರಗಾ ಈಗ ಧಾರಾಶಿವ ಎಂದು ಕರೆಸಿಕೊಳ್ಳುವ ಹಳೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿದೆ. ಶಾಲೆ, ಕಚೇರಿ, ದವಾಖಾನೆ ಎಲ್ಲ ಮರಾಠಿಯಲ್ಲಿ ನಡೆದರೂ ಗಡಿಯಂಚಿನ ಎಷ್ಟೋ ಮನೆಗಳ ಅಡುಗೆಮನೆಯ ಮಾತು ಕನ್ನಡ. ಹೆಣ್ಣು ತರುವುದು, ಕೊಡುವುದು ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದಗಳ ಜೊತೆ. ಹಾಗಾಗಿ ಚರ್ಮದ ರೋಗವೂ, ಅದಕ್ಕೆ ಹಚ್ಚುವ ಟ್ಯೂಬೂ ಎರಡೂ ರಾಜ್ಯಗಳ ನಡುವೆ ಓಡಾಡುತ್ತಿರುತ್ತವೆ.

ನನ್ನ ಮಾತು ಇಷ್ಟೇ. ಈ ಊರುಗಳ ಚರ್ಮರೋಗಗಳಲ್ಲಿ ಬಹುಪಾಲು ಐದಾರು ಬಗೆಯವು. ಅವನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬೆಳಕಿನಲ್ಲಿ ಬಟ್ಟೆ ಸರಿಸಿ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಕೈಯಿಂದ ಮುಟ್ಟಿದರೆ ಸಾಕು. ಆದರೆ ನೋಡುವ ಮೊದಲೇ ಹಚ್ಚಿದ ಟ್ಯೂಬು ರೋಗದ ಚಹರೆಯನ್ನೇ ಬದಲಿಸಿರುತ್ತದೆ.

ಆ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ. ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್ ಒಂದು, ಶಿಲೀಂಧ್ರವನ್ನು ಕೊಲ್ಲುವ ಮದ್ದು ಒಂದು, ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಒಂದು. ಯಾವ ರೋಗವಾದರೂ ಒಂದಲ್ಲ ಒಂದು ತಾಗಲಿ ಎಂಬ ಲೆಕ್ಕ. ಸ್ಟಿರಾಯ್ಡ್ ಕೆಟ್ಟ ಔಷಧಿಯಲ್ಲ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಫಲ ಕಂಡಾಗ ಇಸುಬಿನಿಂದ ನರಳುತ್ತಿದ್ದವರಿಗೆ ದೊಡ್ಡ ಉಪಕಾರವೇ ಆಯಿತು. ಇಸುಬು (ಎಕ್ಸಿಮಾ), ಅಲರ್ಜಿ, ಕೀಟದ ಕಡಿತ ಇವುಗಳಲ್ಲಿ ಚರ್ಮ ಕೆಂಪಾಗಿ ತುರಿಸುವುದು ದೇಹದ ಅತಿರೇಕದ ಪ್ರತಿಕ್ರಿಯೆಯಿಂದ. ಸ್ಟಿರಾಯ್ಡ್ ಅದನ್ನು ತಣ್ಣಗಾಗಿಸುತ್ತದೆ. ಹುಳುಕಡ್ಡಿಯ ಕತೆ ಬೇರೆ. ಅಲ್ಲಿ ಕೆಂಪು, ತುರಿಕೆ ಎಲ್ಲ ದೇಹವು ಶಿಲೀಂಧ್ರದ ಜೊತೆ ಕಾದಾಡುತ್ತಿರುವುದರ ಗುರುತು. ಸ್ಟಿರಾಯ್ಡ್ ಹಚ್ಚಿದೊಡನೆ ದೇಹ ಕೈ ಕಟ್ಟಿ ಕೂರುತ್ತದೆ, ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಅಡ್ಡಿಯಿಲ್ಲದೆ ಹಬ್ಬುತ್ತದೆ. ಟ್ಯೂಬ್ ಬಿಟ್ಟ ವಾರದಲ್ಲಿ ಮೊದಲಿನ ಎರಡರಷ್ಟು ಜಾಗದಲ್ಲಿ ತುರಿಕೆ. ಮತ್ತೆ ಅದೇ ಟ್ಯೂಬು.

ಗಜಕರ್ಣ ಎಂದು ಈ ಕಡೆ ಕರೆಯುವ ಹುಳುಕಡ್ಡಿಗೆ ಉಂಗುರದಂಥ ಒಂದು ಸ್ಪಷ್ಟ ಆಕಾರವಿದೆ. ಅಂಚು ಕೆಂಪಗೆ ತುಸು ಉಬ್ಬಿ, ಮೇಲೆ ಹೊಟ್ಟು ಏಳುತ್ತಿರುತ್ತದೆ. ನಡುವಿನ ಚರ್ಮ ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ತೊಡೆಸಂದು, ಸೊಂಟದ ಸುತ್ತ, ಕಂಕುಳು, ಸ್ತನದ ಕೆಳಗೆ, ಪೃಷ್ಠ, ಹೀಗೆ ಬೆವರು ನಿಲ್ಲುವ ಕಡೆಯೆಲ್ಲ ಅದರ ಮನೆ. ತಿಂಗಳುಗಟ್ಟಲೆ ಮಿಶ್ರಣದ ಟ್ಯೂಬು ಹಚ್ಚಿಕೊಂಡು ಬಂದವರಲ್ಲಿ ಈ ಆಕಾರ ಸಿಗುವುದಿಲ್ಲ. ಅಂಚು ಕರಗಿ ಹೋಗಿರುತ್ತದೆ, ಇಲ್ಲವೇ ಒಂದು ಉಂಗುರದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಹುಟ್ಟಿರುತ್ತದೆ. ತೊಡೆಯ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಎದ್ದಿರುತ್ತವೆ. ರೋಗ ವಾಸಿಯಾದರೂ ಆ ಗೆರೆ ಹೋಗುವುದಿಲ್ಲ. ಇದೇ ಟ್ಯೂಬನ್ನು ಮುಖ ಬೆಳ್ಳಗಾಗಲೆಂದು ಹಚ್ಚುವ ಹುಡುಗಿಯರಿದ್ದಾರೆ. ಅವರ ಕೆನ್ನೆ ಬಿಸಿಲಿಗೆ ಉರಿಯತೊಡಗುತ್ತದೆ, ಮೊಡವೆ ಏಳುತ್ತವೆ, ಸಣ್ಣ ಕೂದಲು ಮೂಡುತ್ತದೆ, ಬಿಡಲು ಹೋದರೆ ಮುಖ ಕೆಂಡದಂತಾಗುತ್ತದೆ. ಮದುವೆಗೆ ಬಂದ ಮಗಳ ಮುಖ ಹೀಗಾದಾಗ ಆ ಮನೆಯವರು ಪಡುವ ಸಂಕಟ ಸಣ್ಣದಲ್ಲ.

ಕಾನೂನು ಇದೆ. ಭಾರತೀಯ ಚರ್ಮರೋಗ ತಜ್ಞರ ಸಂಘ ಹಲವು ವರ್ಷ ಬೆನ್ನು ಹತ್ತಿದ ಮೇಲೆ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ 14ನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣ ಔಷಧಿಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಸ್ಟಿರಾಯ್ಡ್ ಬೆರೆಸಿದ ಇಂಥ ಮುಲಾಮುಗಳೂ ಇದ್ದವು. ಆದರೂ ತುಸು ಬದಲಾದ ಮಿಶ್ರಣದಲ್ಲಿ, ಬೇರೆ ಹೆಸರಿನಲ್ಲಿ ಅವು ಅಂಗಡಿಯ ಕಪಾಟಿನಲ್ಲಿವೆ. ಚೀಟಿ ಕೇಳುವವರು ಕಡಿಮೆ.

ಇದರ ಫಲ ಒಂದು ಊರಿಗೆ ನಿಂತಿಲ್ಲ. ಕಳೆದ ದಶಕದ ನಡುವಿನಿಂದ ದೇಶದ ತುಂಬ ಹುಳುಕಡ್ಡಿಯ ನಡತೆ ಬದಲಾಯಿತು. ಎರಡು ವಾರದಲ್ಲಿ ಹೋಗುತ್ತಿದ್ದುದು ಆರು ತಿಂಗಳಾದರೂ ಹೋಗದಾಯಿತು, ಒಬ್ಬರಿಂದ ಮನೆಮಂದಿಗೆಲ್ಲ ಹರಡತೊಡಗಿತು. 2020ರಲ್ಲಿ ಜಪಾನಿನ ಸಂಶೋಧಕರು ಅಲ್ಲಿಗೆ ಹೋಗಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಚರ್ಮದಿಂದ ತೆಗೆದ ಶಿಲೀಂಧ್ರಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ. ಹುಳುಕಡ್ಡಿಗೆ ರಾಮಬಾಣವೆನಿಸಿದ್ದ ಟರ್ಬಿನಾಫಿನ್ ಮಾತ್ರೆಗೆ ಇದು ಹಲವೊಮ್ಮೆ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಇದು ಪತ್ತೆಯಾಯಿತು. ಅಲ್ಲಿ ಕಂಡ ಮೊದಲ ಇಬ್ಬರಲ್ಲಿ ಒಬ್ಬಾಕೆ ಇತ್ತೀಚೆಗೆ ದೇಶ ಬಿಟ್ಟು ಹೊರಗೆ ಹೋದವಳೇ ಅಲ್ಲ. ಈ ಹೊಸ ಬಗೆ ಹಬ್ಬಲು ಅಂಗಡಿಯ ಮಿಶ್ರಣವೊಂದೇ ಕಾರಣವೆನ್ನಲು ಬರುವುದಿಲ್ಲ. ಆದರೆ ಅದು ಬಲವಾದ ಕಾರಣಗಳಲ್ಲೊಂದು ಎಂಬುದರಲ್ಲಿ ಚರ್ಮತಜ್ಞರಿಗೆ ಅನುಮಾನವಿಲ್ಲ.

ಹಾಗಾದರೆ ಆರೋಗ್ಯ ಕೇಂದ್ರದಲ್ಲಿ ಮಾಡಬೇಕಾದುದೇನು? ಅನುಮಾನವಿದ್ದರೆ ಮೊಂಡು ಬ್ಲೇಡಿನಿಂದ ಉಂಗುರದ ಅಂಚನ್ನು ಮೆಲ್ಲಗೆ ಕೆರೆಯಬೇಕು. ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚರ್ಮದ ಕೋಶಗಳ ನಡುವೆ ಕವಲೊಡೆದ ಎಳೆಗಳು ಕಾಣುತ್ತವೆ. ಕಫ ಪರೀಕ್ಷೆಯ ಮೈಕ್ರೋಸ್ಕೋಪೇ ಇದಕ್ಕೆ ನಡೆಯುತ್ತದೆ, ಖರ್ಚು ಕೆಲವೇ ರೂಪಾಯಿ. ಆದರೂ ಇದನ್ನು ಮಾಡುವ ಕೇಂದ್ರಗಳು ಅಪರೂಪ. ರೋಗ ಸಣ್ಣ ಜಾಗದಲ್ಲಿದ್ದರೆ ಸ್ಟಿರಾಯ್ಡ್ ಬೆರೆಸದ ಕ್ಲೊಟ್ರಿಮಜೋಲ್ ಅಥವಾ ಲುಲಿಕೊನಜೋಲ್ ಮುಲಾಮು ಸಾಕು. ಅದನ್ನು ಉಂಗುರದ ಅಂಚಿನಿಂದ ಎರಡು ಬೆರಳಗಲ ಆಚೆಯವರೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಬಿಡದೆ ಹಚ್ಚಬೇಕು. ಮೈಯೆಲ್ಲ ಹಬ್ಬಿದ್ದರೆ, ಮರುಕಳಿಸಿದ್ದರೆ, ಮಕ್ಕಳ ತಲೆಯಲ್ಲಿ ಬಂದು ಕೂದಲು ಉದುರುತ್ತಿದ್ದರೆ ಮಾತ್ರೆ ಬೇಕು. ಯಾವ ಮಾತ್ರೆ, ಎಷ್ಟು ವಾರ ಎಂಬುದು ವೈದ್ಯರ ಕೆಲಸ. ಇಟ್ರಾಕೊನಜೋಲ್ ಹೃದಯ ದುರ್ಬಲವಾದವರಿಗೆ ಒಗ್ಗುವುದಿಲ್ಲ, ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆ ಕೂಡುವುದಿಲ್ಲ, ಬಸುರಿಯರಿಗೆ ಕೊಡುವಂಥದ್ದಲ್ಲ. ನಡುವಯಸ್ಸಿನವರಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆ ನೋಡಲೇಬೇಕು.

ಇನ್ನೊಂದು ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಉಡದಾರ. ಸೊಂಟಕ್ಕೆ ಕಟ್ಟಿದ ಕರಿ ಅಥವಾ ಕೆಂಪು ದಾರ ಬೆವರಿನಲ್ಲಿ ನೆಂದು ಒಣಗಿ ಮತ್ತೆ ನೆಂದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಔಷಧಿ ಹಚ್ಚಿದ ಚರ್ಮಕ್ಕೆ ಆ ದಾರದಿಂದಲೇ ಶಿಲೀಂಧ್ರ ಮರಳಿ ಹತ್ತುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಅದನ್ನು ಬಿಚ್ಚಿಡಬೇಕು, ಕಟ್ಟಲೇಬೇಕೆಂದಿದ್ದರೆ ಹೊಸದನ್ನು ಕಟ್ಟಬೇಕು. ಹಿರಿಯರಿಗೆ ಇದನ್ನು ಹೇಳುವುದು ಕಷ್ಟ. ಶ್ರದ್ಧೆಯ ವಿಷಯವಾದ್ದರಿಂದ ಅವಸರ ಮಾಡದೆ, ಗೌರವದಿಂದ ಹೇಳಬೇಕು. ಹುಡುಗರಿಗೆ ಹೇಳಬೇಕಾದ್ದು ಬಿಗಿ ಜೀನ್ಸಿನ ಬಗ್ಗೆ. ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದನ್ನು, ಅರೆ ಒಣಗಿದ ಒಳಬಟ್ಟೆ ತೊಡುವುದನ್ನು ಎಲ್ಲರೂ ಬಿಡಬೇಕು. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಅವರಿಗೂ ಅದೇ ಸಮಯಕ್ಕೆ ಚಿಕಿತ್ಸೆಯಾಗಬೇಕು.

ಕಜ್ಜಿಗೆ ಬರೋಣ. ಮರಾಠಿಯಲ್ಲಿ ಖರೂಜ್ ಎನ್ನುವ ಈ ರೋಗವನ್ನು ಹಿಡಿಯಲು ಎರಡು ಪ್ರಶ್ನೆಗಳಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. “ಅವ್ವಾ, ರಾತ್ರಿ ಭಾಳ ತುರಸ್ತದೇನ್ರಿ? ಮನ್ಯಾಗ ಮತ್ಯಾರಿಗರ ಅದ ಏನು?” ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಸೊಂಟ, ಗಂಡಸರಲ್ಲಿ ಗುಪ್ತಾಂಗ, ಹಸುಗೂಸುಗಳಲ್ಲಿ ಅಂಗೈ ಅಂಗಾಲು ನೋಡಬೇಕು. ಸಣ್ಣ ಗುಳ್ಳೆ, ಕೆರೆದ ಗಾಯ, ಕೆಲವೊಮ್ಮೆ ಕೂದಲೆಳೆಯಂಥ ವಕ್ರ ಗೆರೆ ಕಾಣುತ್ತದೆ. ಅರ್ಧ ಮಿಲಿಮೀಟರೂ ಇಲ್ಲದ ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಕೊರೆದುಕೊಂಡು ಹೋಗುತ್ತಾ ಮೊಟ್ಟೆಯಿಡುವ ದಾರಿ ಅದು. ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಒಂದೇ ಕೌದಿಯಡಿ ಮಲಗುವ ಎಲ್ಲರಿಗೂ ಅದು ದಾಟಿರುತ್ತದೆ.

ಕಬ್ಬು ಕಡಿಯಲು ಹೋಗುವವರ ಬದುಕನ್ನು ನೆನೆದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ದೀಪಾವಳಿ ಹೊತ್ತಿಗೆ ಕೂಲಿಗಳನ್ನು ಒಯ್ಯುವ ಮುಕಾದಮನಿಂದ ಉಚಲ್, ಅಂದರೆ ಮುಂಗಡ, ಪಡೆದು ಗಂಡ ಹೆಂಡತಿ ಜೋಡಿಯಾಗಿ, ಮಕ್ಕಳನ್ನೂ ಕಟ್ಟಿಕೊಂಡು ಪಶ್ಚಿಮ ಮಹಾರಾಷ್ಟ್ರದ, ಬೆಳಗಾವಿ ಬಾಗಲಕೋಟೆ ಕಡೆಯ ಕಾರ್ಖಾನೆಗಳಿಗೆ ಹೊರಡುತ್ತಾರೆ. ಬೀಡ ಜಿಲ್ಲೆಯಿಂದ ಹೋಗುವವರು ಅತಿ ಹೆಚ್ಚು, ಲಾತೂರ ಧಾರಾಶಿವಗಳಿಂದಲೂ ಹೋಗುತ್ತಾರೆ. ಆರು ತಿಂಗಳು ಕಬ್ಬಿನ ರವದಿ ಹೊದಿಸಿದ ಕೊಪ್ಪಿ ಎಂಬ ಗುಡಿಸಲಿನಲ್ಲಿ, ಒಂದೇ ಹಾಸಿಗೆಯ ಮೇಲೆ ನಾಲ್ಕೈದು ಜನ. ಬೇಸಿಗೆಗೆ ಊರಿಗೆ ಮರಳುವಾಗ ಕಜ್ಜಿಯೂ ಜೊತೆಗೆ ಬರುತ್ತದೆ. ಬಂದದ್ದಾದರೂ ಎಂಥ ಊರಿಗೆ? 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ತರಿಸಬೇಕಾಯಿತು. ಮೊದಲ ಗಾಡಿಯಲ್ಲಿ ಹತ್ತು ವ್ಯಾಗನ್, ಸುಮಾರು ಐದು ಲಕ್ಷ ಲೀಟರು. ಇಂಥ ಸೀಮೆಯ ತಾಯಂದಿರಿಗೆ “ಮಕ್ಕಳಿಗೆ ದಿನಾ ಜಳಕ ಮಾಡಿಸು, ಸ್ವಚ್ಛ ಇಡು” ಎಂದು ಗದರುವ ವೈದ್ಯರು ಒಂದು ಮಾತು ನೆನಪಿಡಬೇಕು. ಕಜ್ಜಿ ಹೊಲಸಿನಿಂದ ಬರುವ ರೋಗವಲ್ಲ, ಸೋಪು ಹಚ್ಚಿ ಮಿಂದರೆ ನುಸಿ ಹೋಗುವುದೂ ಇಲ್ಲ. ಅದು ಇಕ್ಕಟ್ಟಿನಲ್ಲಿ ಬದುಕುವವರ ರೋಗ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದೂ ಬಡವರ ರೋಗವೆಂದು ಎಲ್ಲರೂ ಕೈಬಿಟ್ಟಿದ್ದರಿಂದಲೇ.

ಔಷಧಿ ಸರಳ, ಸೋಲುವುದು ಹಚ್ಚುವ ಕ್ರಮದಲ್ಲಿ. ಶೇ 5ರ ಪರ್ಮೆಥ್ರಿನ್ ಮುಲಾಮನ್ನು ತುರಿಸುವ ಜಾಗಕ್ಕಷ್ಟೇ ಹಚ್ಚಿದರೆ ಪ್ರಯೋಜನವಿಲ್ಲ. ರಾತ್ರಿ ಮಲಗುವ ಮುಂಚೆ ಕುತ್ತಿಗೆಯಿಂದ ಕಾಲ್ಬೆರಳವರೆಗೆ, ಬೆರಳ ಸಂದು, ಉಗುರಿನ ಕೆಳಗೆ, ಹೊಕ್ಕುಳು, ಗುಪ್ತಾಂಗ ಬಿಡದಂತೆ ಹಚ್ಚಿ, ಎಂಟರಿಂದ ಹನ್ನೆರಡು ತಾಸು ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರದ ಮೇಲೆ ಇನ್ನೊಮ್ಮೆ. ಮನೆಯ ಎಲ್ಲರೂ, ತುರಿಕೆ ಇಲ್ಲದವರೂ, ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಬಟ್ಟೆ, ಹಾಸಿಗೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ನೀರಿಲ್ಲದ ದಿನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಟ್ಟರೂ ಆದೀತು, ಮೈ ಬಿಟ್ಟರೆ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ನುಸಿ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇದ್ದೇ ಇರುತ್ತದೆ ಎಂಬುದನ್ನು ಮುಂಚೆಯೇ ಹೇಳದಿದ್ದರೆ ಜನ ಔಷಧಿ ಕೆಲಸ ಮಾಡಲಿಲ್ಲವೆಂದು ನೇರ ಮೆಡಿಕಲ್ಲಿಗೆ ಹೋಗುತ್ತಾರೆ, ಅಲ್ಲಿ ಅದೇ ಮಿಶ್ರಣದ ಟ್ಯೂಬು ಕಾದಿರುತ್ತದೆ. ಬೇವಿನ ಎಲೆ ಹಾಕಿದ ನೀರಿನ ಸ್ನಾನ ಮೈಗೆ ಹಿತ, ಬೇಡವೆನ್ನಬೇಕಾಗಿಲ್ಲ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಮೈಯೆಲ್ಲ ಹಚ್ಚುವುದು ಆಗದವರಿಗೆ ಐವರ್ಮೆಕ್ಟಿನ್ ಮಾತ್ರೆಯಿದೆ. ಬಸುರಿಯರಿಗೆ, 15 ಕಿಲೊಗಿಂತ ಕಡಿಮೆ ತೂಕದ ಮಕ್ಕಳಿಗೆ ಅದು ಸಲ್ಲದು.

ಕಜ್ಜಿಯನ್ನು ಹಗುರವಾಗಿ ಎಣಿಸಬಾರದ ಇನ್ನೊಂದು ಕಾರಣವನ್ನು ತಾಯಂದಿರು ತಿಳಿದಿರಲೇಬೇಕು. ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಕೀವಾಗಿ, ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ಅದಾದ ಕೆಲವು ವಾರಕ್ಕೆ ಕೆಲ ಮಕ್ಕಳಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬೆಳಿಗ್ಗೆ ಎದ್ದಾಗ ಮುಖ, ಕಣ್ಣುರೆಪ್ಪೆ ಬಾತಿದ್ದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿ ಕಡಿಮೆಯಾಗಿದ್ದರೆ ಆ ದಿನವೇ ಆಸ್ಪತ್ರೆ ಸೇರಬೇಕು.

ಮೂರನೆಯದು ಮಚ್ಚೆ. ತುರಿಕೆ ಇಲ್ಲದ, ನೋವಿಲ್ಲದ, ಆದರೆ ಮನೆಯವರ ನಿದ್ದೆ ಕೆಡಿಸುವ ಬಿಳಿ ಮಚ್ಚೆ. ಮಗುವಿನ ಕೆನ್ನೆಯ ಮೇಲೆ ಮಸುಕು ಕಲೆ ಕಂಡೊಡನೆ ತೊನ್ನೆಂದೋ ಕುಷ್ಠವೆಂದೋ ಹೆದರುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಅದು ಒಣ ಚರ್ಮದ ಸಾಧಾರಣ ಕಲೆ, ಎಣ್ಣೆ ಹಚ್ಚಿ ಬಿಸಿಲಿನಿಂದ ಕಾಪಾಡಿದರೆ ತಾನೇ ಹೋಗುತ್ತದೆ. ಎದೆ ಬೆನ್ನಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಹಬ್ಬಿ, ಉಗುರಿನಿಂದ ಗೀರಿದರೆ ಪುಡಿ ಉದುರುವುದು ಚಿಬ್ಬು, ಅದಕ್ಕೆ ಮುಲಾಮು ಸಾಕು. ಹಾಲಿನಂಥ ಬಿಳಿ, ಸ್ಪರ್ಶ ಚೆನ್ನಾಗಿರುವುದು ತೊನ್ನು. ಅದು ಅಂಟುವುದಿಲ್ಲ, ಅದಕ್ಕೂ ಚಿಕಿತ್ಸೆಯಿದೆ, ಚರ್ಮತಜ್ಞರಿಗೆ ಬೇಗ ತೋರಿಸಿದಷ್ಟು ಒಳ್ಳೆಯದು. ಕುಷ್ಠದ ಮಚ್ಚೆ ಹಾಲುಬಿಳಿ ಇರುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ತುಸು ತಿಳಿ ಅಥವಾ ಕೆಂಪು ತಾಮ್ರದ ಬಣ್ಣ; ಅಲ್ಲಿ ಬೆವರು ಬರುವುದಿಲ್ಲ, ಕೂದಲು ವಿರಳ, ಮುಟ್ಟಿದ್ದು ಗೊತ್ತಾಗುವುದಿಲ್ಲ.

ಮುಟ್ಟಿದ್ದು ಗೊತ್ತಾಗುವುದಿಲ್ಲ ಎಂಬುದನ್ನು ಪರೀಕ್ಷಿಸುವ ರೀತಿಯನ್ನು ಆಶಾ ಕಾರ್ಯಕರ್ತೆಯರು ಬಲ್ಲರು. ಹತ್ತಿಯ ಎಳೆಯನ್ನು ಹೊಸೆದು ತುದಿ ಮಾಡಿ, ಮೊದಲು ಕಣ್ಣು ತೆರೆದಿರುವಾಗಲೇ ಚೆನ್ನಾಗಿರುವ ಚರ್ಮಕ್ಕೆ ತಾಗಿಸಿ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಅಲ್ಲೊಮ್ಮೆ ಇಲ್ಲೊಮ್ಮೆ ಮೆಲ್ಲಗೆ ತಾಗಿಸುತ್ತಾ “ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ” ಎನ್ನಬೇಕು. ಒಳ್ಳೆಯ ಚರ್ಮದಲ್ಲಿ ಬೆರಳು ತಪ್ಪದೆ ಬಂದು ನಿಲ್ಲುತ್ತದೆ, ಮಚ್ಚೆಯ ಮೇಲೆ ತಾಗಿಸಿದಾಗ ಕೈ ಏಳುವುದೇ ಇಲ್ಲ. ಅವಸರದಲ್ಲಿ ಹೀಗೆ ಮಾಡಲಾಗದು. ಹಿಂದೆಯೇ ಮೊಣಕೈಯ ಒಳಬದಿ, ಕುತ್ತಿಗೆಯ ಪಕ್ಕ, ಮೊಣಕಾಲಿನ ಹೊರಬದಿಯ ನರ ದಪ್ಪವಾಗಿದೆಯೇ ಎಂದು ಮುಟ್ಟಿ ನೋಡಬೇಕು.

2005ರ ಡಿಸೆಂಬರ್‌ನಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟ ಮುಟ್ಟಿದಾಗ ದೇಶದಲ್ಲಿ ಕುಷ್ಠ ನಿವಾರಣೆಯಾಯಿತೆಂದು ಘೋಷಿಸಲಾಯಿತು. ಆ ಘೋಷಣೆ ಒಳ್ಳೆಯದಕ್ಕಿಂತ ಕೆಡುಕನ್ನೇ ಹೆಚ್ಚು ಮಾಡಿತೆಂದು ನನಗನ್ನಿಸುತ್ತದೆ. ರೋಗ ಹೋಯಿತೆಂದು ಹುಡುಕುವ ಕಣ್ಣುಗಳು ಮಂಜಾದವು. ಇಂದಿಗೂ ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಮಚ್ಚೆಗಳು ಐದರೊಳಗಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಹೆಚ್ಚಿದ್ದರೆ ಹನ್ನೆರಡು ತಿಂಗಳ ಬಹು ಔಷಧಿ ಚಿಕಿತ್ಸೆ. 28 ದಿನಗಳ ಪಟ್ಟಿಯಲ್ಲಿ ದಿನಕ್ಕೊಂದರಂತೆ ಜೋಡಿಸಿದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಮೊದಲ ದಿನ ಮೂತ್ರ ಕೆಂಪಾದರೆ, ಕೆಲ ತಿಂಗಳಲ್ಲಿ ಮೈ ಕಪ್ಪಾದರೆ ಗಾಬರಿ ಬೇಡ, ಚಿಕಿತ್ಸೆ ಮುಗಿದ ಮೇಲೆ ಬಣ್ಣ ಮರಳುತ್ತದೆ. ಆದರೆ ಮೈ ತುಂಬ ದದ್ದು, ಜ್ವರ ಬಂದರೆ ಅಥವಾ ಕೈಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ತಡಮಾಡಿದರೆ ಬೆರಳು ಸೆಡೆತು ಹೋಗುವುದು ಇಲ್ಲೇ. ಇನ್ನು, ರೋಗ ತಿಳಿದರೆ ಗಂಡ ಬಿಟ್ಟುಬಿಡುತ್ತಾನೆಂದು ಮುಚ್ಚಿಡುವ ಹೆಣ್ಣುಮಕ್ಕಳಿಗೊಂದು ಮಾತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸುವ ಅವಕಾಶವನ್ನು ಸಂಸತ್ತು 2019ರಲ್ಲೇ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದೆ.

ಹೊಲದಿಂದ ಬರುವ ಒಂದು ರೋಗವನ್ನೂ ಹೇಳಲೇಬೇಕು. ಇಲ್ಲಿ ಗಾಜರ ಗವತ ಎನ್ನುವ ನಮ್ಮ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ಆಮೇಲೆ ದಖನ್ ತುಂಬ ಹಬ್ಬಿತು. ವರ್ಷಗಟ್ಟಲೆ ಕಳೆ ಕಿತ್ತ ನಂತರ ಕೆಲವರಿಗೆ ಅದರ ಧೂಳು ತಾಗಿದರೂ ಸಾಕು, ಕಣ್ಣುರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈ ಮಡಿಕೆ ದಪ್ಪಗಾಗಿ ತುರಿಸುತ್ತವೆ, ಮಳೆಗಾಲದಲ್ಲಿ ಕೆರಳುತ್ತವೆ. ಐವತ್ತು ದಾಟಿದ ರೈತನ ಮುಖ ಹೀಗಾದರೆ ಹುಳುಕಡ್ಡಿಯ ಮುಲಾಮು ಕೊಟ್ಟು ಕಳಿಸಬಾರದು, ಸೋಯಾ ಹೊಲದ ಬದುವಿನಲ್ಲಿ ಏನು ಬೆಳೆದಿದೆಯೆಂದು ಕೇಳಬೇಕು. ಸ್ಟಿರಾಯ್ಡ್ ನಿಜಕ್ಕೂ ಬೇಕಾಗುವುದು ಇಂಥವರಿಗೆ, ಅದೂ ವೈದ್ಯರ ಕಣ್ಗಾವಲಿನಲ್ಲಿ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೊದ ಜೀರುಂಡೆ ಈ ಕಳೆಯ ಎಲೆ ತಿಂದು ತುಸು ನೆರವಾಗಿದೆ, ಆದರೆ ಮುಗಿಸಿಲ್ಲ.

ಜೋಳದ ಸೀಮೆಯ ಹಳೆಯ ರೋಗ ಪೆಲ್ಲಾಗ್ರಾ ಈಗ ಅಪರೂಪ. 1960ರಲ್ಲಿ ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಟಿಯ ಅವರು ದಖನ್ನಿನ ಜೋಳ ತಿನ್ನುವ ಬಡವರಲ್ಲಿ ಇದನ್ನು ಕಂಡು ಬರೆದಿದ್ದರು. ಜೋಳದ ರೊಟ್ಟಿಗೆ ಹೆದರಬೇಕಿಲ್ಲ, ಬೇಳೆ, ಶೇಂಗಾ, ಹಾಲು ಜೊತೆಗಿದ್ದರೆ ರೋಗ ಸುಳಿಯದು. ಆದರೆ ಕುಡಿತಕ್ಕೆ ಬಿದ್ದು ಊಟ ಬಿಟ್ಟವರ, ಕ್ಷಯದ ಮಾತ್ರೆಯಲ್ಲಿರುವವರ ಕುತ್ತಿಗೆ, ಮುಂಗೈ ಮೇಲೆ ಬಿಸಿಲು ಬಿದ್ದಷ್ಟೇ ಜಾಗ ಕಪ್ಪಾಗಿ ಸುಲಿಯುತ್ತಿದ್ದರೆ ವೈದ್ಯರು ಇದನ್ನು ನೆನೆಯಬೇಕು. ಯಾವ ಮುಲಾಮಿಗೂ ಬಗ್ಗದ ಈ ಚರ್ಮ ನಯಾಸಿನ್ ಜೀವಸತ್ವದ ಮಾತ್ರೆಗೆ ಬೇಗ ಸ್ಪಂದಿಸುತ್ತದೆ.

ಇಷ್ಟನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಬಹುದು. ಮೂವತ್ತು ಸಾವಿರ ಜನಕ್ಕೊಂದು ಕೇಂದ್ರ, ಅಲ್ಲೊಬ್ಬರೋ ಇಬ್ಬರೋ ವೈದ್ಯರು, ಹೊರಗೆ ಉದ್ದನೆಯ ಸಾಲು ಎಂಬುದೂ ನಿಜ. ಅದಕ್ಕೇ ವೈದ್ಯರಿಗೆ ಕಠಿಣವೆನಿಸಿದ ರೋಗಿಯ ಚಿತ್ರವನ್ನು ಈ-ಸಂಜೀವನಿಯ ಮೂಲಕ ತಜ್ಞರಿಗೆ ತೋರಿಸುವ ವ್ಯವಸ್ಥೆಯನ್ನು ಚರ್ಮರೋಗಕ್ಕೆ ಹೆಚ್ಚು ಬಳಸಬೇಕು, ಕಣ್ಣಿನಿಂದಲೇ ಬಹುಪಾಲು ಗುರುತಿಸುವ ರೋಗಗಳಿಗೆ ಅದು ಹೇಳಿ ಮಾಡಿಸಿದಂತಿದೆ. ತಜ್ಞರ ಬಳಿಯೇ ಹೋಗಬೇಕಾದಾಗ ಲಾತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಉದಗೀರದವರಿಗೆ ಬೀದರವೂ, ಉಮರಗಾದವರಿಗೆ ಸೊಲ್ಲಾಪುರ, ಕಲಬುರ್ಗಿಗಳೂ ಇವೆ. ಕನ್ನಡ ಮಾತ್ರ ಬಲ್ಲ ಅಜ್ಜಿಯನ್ನು ಕರೆದೊಯ್ಯುವಾಗ ಮರಾಠಿ ಬಲ್ಲ ಒಬ್ಬರು ಜೊತೆಗಿರಲಿ. ಯಾವಾಗ ತುರಿಸುತ್ತದೆ, ಎಲ್ಲಿ ಜೋಮು ಹಿಡಿದಿದೆ ಎಂಬುದು ವೈದ್ಯರಿಗೆ ಸರಿಯಾಗಿ ತಲುಪಿದರೆ ಅರ್ಧ ರೋಗ ಅಲ್ಲೇ ತಿಳಿದಂತೆ.

ಓದುಗರಲ್ಲಿ ನನ್ನ ವಿನಂತಿ ಎರಡು. ವೈದ್ಯರ ಹತ್ತಿರ ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಚೀಲದಲ್ಲಿ ಹಾಕಿಕೊಂಡು ಹೋಗಿ ಮುಂದಿಡಿ, ನಾಚಿಕೆ ಬೇಡ. ಮತ್ತೊಂದು, ಕಬ್ಬಿನ ಕೆಲಸಕ್ಕೆ ಹೋದವರು ಊರಿಗೆ ಮರಳುವ ಮುನ್ನ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಪರ್ಮೆಥ್ರಿನ್ ಎಷ್ಟಿದೆ, ಹುಳುಕಡ್ಡಿ ಕೆರೆದು ನೋಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಕೇಂದ್ರದ ರುಗ್ಣ (ರೋಗಿ) ಕಲ್ಯಾಣ ಸಮಿತಿಯ ಹಣದಿಂದ ತರಿಸಲು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.